ಡೆಲಿವರಿ ಲಾರಿ ಕಾಂಪೌಂಡಿಗೆ ಗುದ್ದಿದರೆ ಗೋಡೆಯ ಹಣ ಕೊಡಬೇಕಾದ್ದು ಯಾರು? ಮನೆಯವರು ತಿಳಿದಿರಬೇಕಾದ ವಿಷಯಗಳು

ರಾಮಕುಂಜ: ಉಪ್ಪಿನಂಗಡಿ–ಕಡಬ ರಸ್ತೆಯಿಂದ ಒಳಗೆ ಇಳಿಯುವ ನಮ್ಮ ಪಂಚಾಯತ್ ರಸ್ತೆಗಳು ಹೇಗಿವೆ ಅಂತ ಎಲ್ಲರಿಗೂ ಗೊತ್ತು. ಒಂದು ಬದಿ ಧರೆ, ಇನ್ನೊಂದು ಬದಿ ಅಡಿಕೆ ತೋಟ, ನಡುವೆ ಒಂದು ವಾಹನ ಹೋಗುವಷ್ಟು ಕಾಂಕ್ರೀಟ್. ಮೊದಲು ಇಲ್ಲಿ ಓಡಾಡುತ್ತಿದ್ದದ್ದು ಜೀಪು, ರಿಕ್ಷಾ, ಪಿಕಪ್. ಈಗ ಆನ್‌ಲೈನಲ್ಲಿ ಬುಕ್ ಮಾಡಿದ ಫ್ರಿಡ್ಜ್, ಸೋಫಾ, ವಾಷಿಂಗ್ ಮೆಷಿನ್ ಸಹ ಮನೆ ಅಂಗಳಕ್ಕೇ ಬರುತ್ತದೆ. ಸಿಮೆಂಟ್, ಟೈಲ್ಸ್, ಗೊಬ್ಬರದ ಲಾರಿಯೂ ಬರುತ್ತದೆ. ಬಂದ ಲಾರಿಗೆ ತಿರುಗಿಸಲು ಜಾಗ ಇಲ್ಲ. ರಿವರ್ಸ್ ತೆಗೆಯುವಾಗ ಯಾರದ್ದಾದರೂ ಗೇಟಿನ ಕಂಬ, ಕೆಂಪುಕಲ್ಲಿನ ಕಾಂಪೌಂಡು, ಅಂಗಳದ ಶೀಟು ಹೋಗುತ್ತದೆ.

ಆಮೇಲೆ ನಡೆಯುವುದೂ ಹೆಚ್ಚುಕಡಿಮೆ ಒಂದೇ ರೀತಿ. ಜನ ಸೇರುತ್ತಾರೆ. ಡ್ರೈವರ್ ಮಾಲಕರಿಗೆ ಫೋನ್ ಮಾಡುತ್ತಾನೆ. ಮಾಲಕರು "ಗಾಡಿ ಬಿಡಿ, ನಾಳೆ ನಾನೇ ಬಂದು ಮಾತಾಡ್ತೇನೆ" ಅನ್ನುತ್ತಾರೆ. ಊರಿನ ನಾಲ್ಕು ಜನ "ಪಾಪದ ಹುಡುಗ, ಬಿಡಿ ಮಾರಾಯ್ರೆ" ಅನ್ನುತ್ತಾರೆ. ಎರಡೋ ಮೂರೋ ಸಾವಿರ ಕೈಗೆ ಬರುತ್ತದೆ, ಲಾರಿ ಹೋಗುತ್ತದೆ. ಮರುದಿನ ಮೇಸ್ತ್ರಿ ಬಂದು ಲೆಕ್ಕ ಹೇಳಿದಾಗ ಮನೆಯವರಿಗೆ ತಲೆ ಬಿಸಿ. ಅಷ್ಟೊತ್ತಿಗೆ ಮಾಲಕರ ಫೋನ್ ಸ್ವಿಚ್ ಆಫ್.

ಇಂಥ ತಕರಾರಿನಲ್ಲಿ ಕಾನೂನು ಎಂತ ಹೇಳುತ್ತದೆ, ಹಣ ಎಲ್ಲಿಂದ ಬರುತ್ತದೆ ಅಂತ ಇಲ್ಲಿ ವಿವರಿಸಿದ್ದೇವೆ.

ಹಣ ಇರುವುದು ಡ್ರೈವರ್ ಕಿಸೆಯಲ್ಲಿ ಅಲ್ಲ

ರಸ್ತೆಗಿಳಿಯುವ ಪ್ರತಿ ವಾಹನಕ್ಕೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಇದನ್ನು ಹೇಳುತ್ತದೆ. ಥರ್ಡ್ ಪಾರ್ಟಿ ಅಂದರೆ ಜೀವಹಾನಿ, ಗಾಯ ಆದವರು ಮಾತ್ರ ಅಂತ ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ಗೋಡೆ, ಗೇಟು, ಅಂಗಡಿ, ಇನ್ನೊಬ್ಬರ ಬೈಕು ಎಲ್ಲವೂ ಅದರೊಳಗೆ ಬರುತ್ತದೆ. ಪಾಲಿಸಿಯಲ್ಲಿ ಇದನ್ನು 'ಥರ್ಡ್ ಪಾರ್ಟಿ ಪ್ರಾಪರ್ಟಿ ಡ್ಯಾಮೇಜ್' ಅಂತ ಬರೆದಿರುತ್ತಾರೆ, ಚಿಕ್ಕದಾಗಿ ಟಿಪಿಪಿಡಿ.

ಲಾರಿ, ಪಿಕಪ್‌ಗಳ ಪಾಲಿಸಿಯಲ್ಲಿ ಈ ಮೊತ್ತ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ ಇರುತ್ತದೆ. ಆದರೆ ಪ್ರೀಮಿಯಂನಲ್ಲಿ ಸ್ವಲ್ಪ ಉಳಿಸಲು ಅದನ್ನು ಬರೀ 6,000 ರೂಪಾಯಿಗೆ ಇಳಿಸಿಕೊಳ್ಳುವ ಅವಕಾಶವೂ ಇತ್ತು. ಹಾಗಾಗಿ ಪಾಲಿಸಿಯ ಪ್ರತಿ ಸಿಕ್ಕಿದರೆ ಮೊದಲು ನೋಡಬೇಕಾದ್ದು ಟಿಪಿಪಿಡಿ ಸಾಲು. ಇನ್ಶೂರೆನ್ಸ್ ಮಿತಿ ದಾಟಿದ ಹಣಕ್ಕೆ ವಾಹನದ ಮಾಲಕರೇ ಹೊಣೆ.

ಮಾಲಕರು ಪಾಲಿಸಿ ತೋರಿಸಲು ಹಿಂದೇಟು ಹಾಕುವುದುಂಟು. "ಕ್ಲೇಮ್ ಆದರೆ ನಮ್ಮ ಬೋನಸ್ ಹೋಗ್ತದೆ" ಅನ್ನುವುದು ಸಾಮಾನ್ಯ ಮಾತು. ನೋ ಕ್ಲೇಮ್ ಬೋನಸ್ ಇರುವುದು ಸ್ವಂತ ವಾಹನದ ಹಾನಿಯ ಭಾಗಕ್ಕೆ. ಪಕ್ಕದವರ ಗೋಡೆಗೆ ಇನ್ಶೂರೆನ್ಸ್‌ನವರು ಹಣ ಕೊಟ್ಟರೆ ಅದು ಹೋಗುವುದಿಲ್ಲ. ಥರ್ಡ್ ಪಾರ್ಟಿಯ ಮೂಲ ಪ್ರೀಮಿಯಂ ನಿಗದಿ ಮಾಡುವುದೂ ಕೇಂದ್ರ ಸರಕಾರ. ಇದನ್ನು ಮಾಲಕರಿಗೆ ಸಮಾಧಾನದಲ್ಲಿ ಹೇಳಿದರೆ ಅರ್ಧ ಜಗಳ ಅಲ್ಲಿಯೇ ಮುಗಿಯಬಹುದು. ಡ್ರೈವರಿಗೂ ಇದೇ ಒಳ್ಳೆಯದು, ಇಲ್ಲದಿದ್ದರೆ ಆ ಹಣವನ್ನು ಅವನ ಸಂಬಳದಿಂದ ಮುರಿಯುತ್ತಾರೆ.

ಮಾಲಕ ಯಾರು: ಸ್ಟಿಕ್ಕರಿನ ಕಂಪನಿಯಾ, ಆರ್‌ಸಿಯಲ್ಲಿ ಇರುವವರಾ?

ಡೆಲಿವರಿ ವಾಹನದ ಮೇಲೆ ದೊಡ್ಡ ಕಂಪನಿಯ ಹೆಸರು ಇರುತ್ತದೆ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ "ಅದು ನಮ್ಮ ವಾಹನ ಅಲ್ಲ, ಟ್ರಾನ್ಸ್‌ಪೋರ್ಟ್‌ನವರದ್ದು" ಅನ್ನುತ್ತಾರೆ. ಟ್ರಾನ್ಸ್‌ಪೋರ್ಟ್‌ನವರನ್ನು ಕೇಳಿದರೆ "ಗಾಡಿ ಬಾಡಿಗೆಯದ್ದು" ಅನ್ನುತ್ತಾರೆ. ಬಾಡಿಗೆಯವರು "ಮಾರಿ ಆಯ್ತು, ಹೆಸರು ಬದಲಾಗಿಲ್ಲ ಅಷ್ಟೇ" ಅನ್ನುತ್ತಾರೆ.

ಈ ಸುತ್ತಾಟಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ವಾಹನ ಎಷ್ಟು ಕೈ ಬದಲಾಗಿದ್ದರೂ ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಮಟ್ಟಿಗೆ ಅವರೇ ಮಾಲಕರು. ಹಾಗಾಗಿ ನಿಮಗೆ ಬೇಕಾದ್ದು ವಾಹನದ ನಂಬರ್. ಕೆಎ 21 ಇದ್ದರೆ ಪುತ್ತೂರು ಆರ್‌ಟಿಒ, ಕೆಎ 19 ಇದ್ದರೆ ಮಂಗಳೂರು. ಹೊರರಾಜ್ಯದ ಲಾರಿಯಾದರೂ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಚಾಲ್ತಿಯಲ್ಲಿ ಉಂಟಾ ಅಂತ ನೋಡಬಹುದು.

ಡ್ರೈವರ್ ಕೆಲಸದ ಮೇಲೆ ಇದ್ದಾಗ ಮಾಡಿದ ತಪ್ಪಿಗೆ ಅವನನ್ನು ಕೆಲಸಕ್ಕಿಟ್ಟ ಮಾಲಕರೂ ಹೊಣೆ. ದಾವೆ ಹಾಕುವಾಗ ಡ್ರೈವರ್, ಆರ್‌ಸಿ ಮಾಲಕ, ಇನ್ಶೂರೆನ್ಸ್ ಕಂಪನಿ ಮೂವರನ್ನೂ ಸೇರಿಸುವುದು ಕ್ರಮ.

ಲಾರಿ ಹೋಗುವ ಮೊದಲು ಮಾಡಬೇಕಾದ್ದು

ಮೊದಲ ಅರ್ಧ ಗಂಟೆಯಲ್ಲಿ ಸಂಗ್ರಹಿಸಿದ್ದೇ ಮುಂದೆ ಉಪಯೋಗಕ್ಕೆ ಬರುವುದು.

1. ಲಾರಿ ಗೋಡೆಗೆ ತಾಗಿ ನಿಂತಿರುವಾಗಲೇ ಫೋಟೊ, ವೀಡಿಯೊ ತೆಗೆಯಿರಿ. ನಂಬರ್ ಪ್ಲೇಟು, ಗೋಡೆ, ರಸ್ತೆ ಒಂದೇ ಚಿತ್ರದಲ್ಲಿ ಬರಲಿ.

2. ಡ್ರೈವಿಂಗ್ ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಡೆಲಿವರಿ ಚೀಟಿ ನಾಲ್ಕರ ಫೋಟೊ ಕೇಳಿ. ಡ್ರೈವರನ್ನು ಹೊಡೆಯುವುದು, ಕೀ ಕಿತ್ತುಕೊಳ್ಳುವುದು, ಲಾರಿಯನ್ನು ಕೂಡಿಹಾಕುವುದು ಬೇಡ. ಹಾಗೆ ಮಾಡಿದರೆ ಕೇಸು ನಿಮ್ಮ ಮೇಲೆಯೇ ಬೀಳಬಹುದು.

3. ಕಾಗದ ತೋರಿಸದಿದ್ದರೆ, ಜಗಳ ಏರಿದರೆ 112ಕ್ಕೆ ಕರೆ ಮಾಡಿ.

4. ನೋಡಿದ ಇಬ್ಬರ ಹೆಸರು, ನಂಬರ್ ಬರೆದಿಡಿ. ಎದುರು ಮನೆಯಲ್ಲಿ ಸಿಸಿ ಕ್ಯಾಮೆರಾ ಇದ್ದರೆ ಆ ದಿನವೇ ಕಾಪಿ ಮಾಡಿಸಿಕೊಳ್ಳಿ, ಕೆಲವು ದಿನದಲ್ಲಿ ಅದು ಅಳಿಸಿ ಹೋಗುತ್ತದೆ.

5. ಇಂಜಿನಿಯರ್ ಅಥವಾ ಅನುಭವಿ ಕಂಟ್ರಾಕ್ಟರ್ ಕೈಯಿಂದ ಅಳತೆ ಸಹಿತ ಎಸ್ಟಿಮೇಟ್ ಮಾಡಿಸಿ. ರಿಪೇರಿಯ ಬಿಲ್ಲುಗಳನ್ನು ಇಟ್ಟುಕೊಳ್ಳಿ.

ಕಾಯ್ದೆಯ 134ನೇ ಕಲಂ ಪ್ರಕಾರ ಡ್ರೈವರಿಗೂ ಕರ್ತವ್ಯ ಉಂಟು. ಇನ್ನೊಬ್ಬರ ಆಸ್ತಿಗೆ ಹಾನಿಯಾದರೆ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಅವನು 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ಇನ್ಶೂರೆನ್ಸ್ ಕಂಪನಿಗೂ ಲಿಖಿತವಾಗಿ ತಿಳಿಸಬೇಕು.

ಪೊಲೀಸರು ಎಂತ ಮಾಡುತ್ತಾರೆ, ಎಂತ ಮಾಡುವುದಿಲ್ಲ

ಪೊಲೀಸರು ಗೋಡೆಯ ಹಣ ವಸೂಲಿ ಮಾಡಿಕೊಡುವುದಿಲ್ಲ, ಅದು ಅವರ ಕೆಲಸ ಅಲ್ಲ. ಠಾಣೆಯಿಂದ ನಿಮಗೆ ಬೇಕಾದ್ದು ದಾಖಲೆ. ಸಾರ್ವಜನಿಕ ರಸ್ತೆಯಲ್ಲಿ ಅಜಾಗರೂಕತೆಯಿಂದ ವಾಹನ ಓಡಿಸಿದ್ದಕ್ಕೆ ಈಗ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಉಂಟು. 2024ರ ಜುಲೈ 1ರ ಮೊದಲು ಇದು ಐಪಿಸಿ 279 ಆಗಿತ್ತು. ಈ ಕೇಸಿನಲ್ಲಿ ದಂಡ ಹಾಕಿದರೆ ಅದು ಸರಕಾರಕ್ಕೆ ಹೋಗುತ್ತದೆ. ಆದರೆ ಎಫ್‌ಐಆರ್, ಸ್ಥಳ ಮಹಜರು, ವಾಹನದ ವಿವರ ಇದ್ದರೆ ಪರಿಹಾರದ ಅರ್ಜಿ ಗಟ್ಟಿಯಾಗುತ್ತದೆ.

ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಸು ದಾಖಲಿಸದಿದ್ದರೆ ಹಿಂಬರಹ ಕೇಳಿ. ಕಾಯ್ದೆಯ 160ನೇ ಕಲಂ ಪ್ರಕಾರ ಪರಿಹಾರ ಕೇಳುವವರಿಗೆ ವಾಹನದ ವಿವರ, ಅದನ್ನು ಓಡಿಸುತ್ತಿದ್ದವರ ಹೆಸರು, ವಿಳಾಸವನ್ನು ಠಾಣಾಧಿಕಾರಿ ಅಥವಾ ಆರ್‌ಟಿಒ ಕೊಡಬೇಕು. ನಿಗದಿತ ಶುಲ್ಕ ಕಟ್ಟಬೇಕು ಅಷ್ಟೇ.

ಆರು ತಿಂಗಳ ಗಡುವು ಮರೆಯಬೇಡಿ

ಪರಿಹಾರ ಕೇಳಲು ಇರುವ ಮುಖ್ಯ ಜಾಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಎಂಎಸಿಟಿ ಅನ್ನುತ್ತಾರೆ. ಅಪಘಾತ ಆದ ಜಾಗದಲ್ಲಿ ಅಥವಾ ನೀವು ವಾಸ ಇರುವ ಜಾಗದಲ್ಲಿ ಅರ್ಜಿ ಹಾಕಬಹುದು. ಲಾರಿ ಯಾವ ಊರಿನದ್ದಾದರೂ ನೀವು ಆ ಊರಿಗೆ ಹೋಗಬೇಕಾಗಿಲ್ಲ. ನಮ್ಮ ಕಡೆಯವರಿಗೆ ಪುತ್ತೂರಿನ ಕೋರ್ಟು ಸಾಕು. ಆಸ್ತಿಯ ಮಾಲಕರೇ ಅರ್ಜಿದಾರರಾಗಬೇಕು, ಹಾಗಾಗಿ ಪಹಣಿ ಅಥವಾ ಪಂಚಾಯತಿನ ಖಾತೆಯ ದಾಖಲೆ ತಯಾರಿಟ್ಟುಕೊಳ್ಳಿ.

ಇಲ್ಲಿ ಗಡುವು ಉಂಟು. 1988ರ ಕಾಯ್ದೆಯಲ್ಲಿ ಮೊದಲು ಆರು ತಿಂಗಳ ಮಿತಿ ಇತ್ತು. 1994ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. 2019ರ ತಿದ್ದುಪಡಿಯಲ್ಲಿ ಪುನಃ ತಂದರು, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. "ಮೊನ್ನೆ ಬರ್ತೇನೆ ಅಂದಿದ್ರು, ದೀಪಾವಳಿ ಕಳೀಲಿ ಅಂದ್ರು" ಅಂತ ಕಾದು ಕೂತರೆ ಅವಧಿ ಮುಗಿದೇ ಹೋಗುತ್ತದೆ. ಮಾತುಕತೆ ನಡೆಯುತ್ತಾ ಇರಲಿ, ಆದರೆ ನಾಲ್ಕನೇ ತಿಂಗಳಿನ ಒಳಗೆ ವಕೀಲರನ್ನು ಕಾಣಿ.

ಆಸ್ತಿ ಹಾನಿ 2,000 ರೂಪಾಯಿಗಿಂತ ಹೆಚ್ಚಿದ್ದರೆ ಟ್ರಿಬ್ಯೂನಲ್ ಬಿಟ್ಟು ಸಿವಿಲ್ ಕೋರ್ಟಿಗೆ ಹೋಗುವ ಆಯ್ಕೆಯೂ ಇದೆ. ಅಲ್ಲಿ ಕೋರ್ಟ್ ಶುಲ್ಕದ ಲೆಕ್ಕ ಬೇರೆ, ಅವಧಿಯ ಲೆಕ್ಕವೂ ಬೇರೆ. ಇನ್ನೊಂದು ವಿಷಯ: ತಗಾದೆಯ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಟ್ರಿಬ್ಯೂನಲ್ ತೀರ್ಪಿನ ಮೇಲೆ ಹೈಕೋರ್ಟಿಗೆ ಮೇಲ್ಮನವಿ ಇಲ್ಲ. ಸಣ್ಣ ಗೋಡೆಯ ಕೇಸು ಅಲ್ಲಿಗೇ ಮುಗಿಯುತ್ತದೆ, ಸಾಕ್ಷ್ಯವನ್ನು ಮೊದಲೇ ಸರಿಯಾಗಿ ಕೊಡಬೇಕು.

ನಮ್ಮ ಕಡೆಯವರಿಗೆ ಪೆರ್ನೆ ನೆನಪಿರಬಹುದು. 2013ರ ಏಪ್ರಿಲ್‌ನಲ್ಲಿ ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿ ಜೀವಗಳೂ ಹೋದವು, ರಸ್ತೆ ಬದಿಯ ಮನೆಗಳೂ ಸುಟ್ಟವು. ಅದೆಲ್ಲಿ, ಒಂದು ಗೇಟಿನ ಕಂಬ ಎಲ್ಲಿ ಅಂತ ಅನಿಸಬಹುದು. ಆದರೆ ವಾಹನದಿಂದ ಸುಟ್ಟ ಮನೆಗೂ ಬಿದ್ದ ಕಂಬಕ್ಕೂ ಪರಿಹಾರ ಕೇಳಲು ಮೋಟಾರು ವಾಹನ ಕಾಯ್ದೆಯ ಬಾಗಿಲು ಒಂದೇ.

ಎದುರು ಪಕ್ಷದವರು ಎತ್ತುವ ಎರಡು ಪ್ರಶ್ನೆ

ಒಂದು, "ನಿಮ್ಮ ಕಾಂಪೌಂಡೇ ರಸ್ತೆ ಮಾರ್ಜಿನ್‌ನಲ್ಲಿ ಉಂಟಲ್ಲ?" ಈ ಪ್ರಶ್ನೆ ಬಂದೇ ಬರುತ್ತದೆ. ಗೋಡೆ ರಸ್ತೆಯ ಜಾಗಕ್ಕೆ ಬಂದಿದ್ದರೆ ಪರಿಹಾರ ಕಡಿಮೆಯಾಗುವ ಸಾಧ್ಯತೆ ಉಂಟು. ಜಾಗದ ನಕ್ಷೆ, ಪಂಚಾಯತ್ ಪರವಾನಿಗೆ ಇದ್ದರೆ ಮೊದಲೇ ತೆಗೆದಿಡಿ.

ಎರಡು, "ಅದು ಖಾಸಗಿ ಅಂಗಳ, ಸಾರ್ವಜನಿಕ ಸ್ಥಳ ಅಲ್ಲ." ಕಡ್ಡಾಯ ಇನ್ಶೂರೆನ್ಸ್ ಇರುವುದು ಸಾರ್ವಜನಿಕ ಸ್ಥಳದ ಅಪಘಾತಕ್ಕೆ. ಆದರೆ ಕಾಯ್ದೆಯ ಪ್ರಕಾರ ಜನರಿಗೆ ಹೋಗಿಬರುವ ಹಕ್ಕಿರುವ ಯಾವ ಜಾಗವೂ ಸಾರ್ವಜನಿಕ ಸ್ಥಳವೇ. ನಾಲ್ಕು ಮನೆಗೆ ಹೋಗುವ ದಾರಿಯಾದರೆ ವಾದ ಮಾಡಲು ಅವಕಾಶ ಉಂಟು. ಪೂರ್ತಿ ನಿಮ್ಮದೇ ಅಂಗಳದೊಳಗೆ ಆಗಿದ್ದರೆ ಸಿವಿಲ್ ದಾವೆ ಒಂದು ದಾರಿ. ಲಾರಿ ನೀವೇ ತರಿಸಿದ ಸಾಮಾನು ತಂದದ್ದಾದರೆ ಗ್ರಾಹಕ ಆಯೋಗ ಇನ್ನೊಂದು ದಾರಿ. ಜಿಲ್ಲಾ ಆಯೋಗ ಮಂಗಳೂರಿನಲ್ಲಿದೆ, ಇ-ಜಾಗೃತಿ ಪೋರ್ಟಲಿನಲ್ಲಿ ಆನ್‌ಲೈನಾಗಿಯೂ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು.

ರಾಜಿ ಮಾಡಿಕೊಳ್ಳುವುದಾದರೆ

ಹತ್ತು ಸಾವಿರದ ಹಾನಿಗೆ ಕೋರ್ಟು ಅಲೆಯುವುದು ಯಾರಿಗೂ ಬೇಡ. ರಾಜಿ ತಪ್ಪಲ್ಲ. ಆದರೆ ಎಸ್ಟಿಮೇಟ್ ಕೈಗೆ ಬಂದ ಮೇಲೆ ಮಾಡಿ. ಕೆಂಪುಕಲ್ಲಿನ ಗೋಡೆ ಮೇಲೆ ಒಂದು ಬಿರುಕು ಕಂಡರೂ ಅಡಿಪಾಯ ಸರಿದಿರಬಹುದು, ಒಂದು ಮಳೆಗಾಲ ಕಳೆದ ಮೇಲೆ ಅದು ಗೊತ್ತಾಗುತ್ತದೆ. "ಪೂರ್ತಿ ಹಣ ಸಂದಿದೆ, ಇನ್ನು ತಕರಾರಿಲ್ಲ" ಅಂತ ಸಹಿ ಹಾಕಿದರೆ ಆಮೇಲೆ ಕೇಳಲು ಕಷ್ಟ. ಕಾಗದದಲ್ಲಿ ದಿನಾಂಕ, ವಾಹನ ನಂಬರ್, ಹಾನಿಯ ವಿವರ, ಮೊತ್ತ, ಕೊಡುವ ದಿನ ಇರಲಿ, ಸಹಿ ವಾಹನ ಮಾಲಕರದ್ದೇ ಆಗಲಿ. ಡ್ರೈವರ್ ಒಬ್ಬನ ಸಹಿ ಹಿಡಿದುಕೊಂಡು ಮಾಲಕರ ಕೈಯಿಂದ ವಸೂಲಿ ಕಷ್ಟ.

ಇನ್ಶೂರೆನ್ಸ್‌ನಿಂದ ಹಣ ಬರಬೇಕಾದರೆ ಇನ್ನೊಂದು ಎಚ್ಚರ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ವಾಹನ ಮಾಲಕರು ತಪ್ಪೊಪ್ಪಿಕೊಳ್ಳಬಾರದು, ಹಣದ ಭರವಸೆ ಕೊಡಬಾರದು ಅಂತ ಪಾಲಿಸಿಯಲ್ಲಿ ಷರತ್ತಿರುತ್ತದೆ. ಆಗ ನಡೆದ ಘಟನೆಯನ್ನು ಮಾತ್ರ ಬರೆಸಿಕೊಂಡು ಕಂಪನಿಗೆ ತಿಳಿಸುವುದೇ ಒಳ್ಳೆಯದು.

ಕೋರ್ಟಿಗೆ ಹೋದರೂ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆ ಇರುತ್ತದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಆದಾಯ ಮಿತಿಯೊಳಗೆ ಇರುವವರು ಪುತ್ತೂರಿನ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಉಚಿತ ವಕೀಲರನ್ನು ಕೇಳಬಹುದು.

ಮಳೆ ಬರುವ ಮೊದಲು ಗೋಡೆ ಕಟ್ಟಬಹುದಾ?

ಕಟ್ಟಬಹುದು. ಧರೆ ಹಿಡಿದು ನಿಲ್ಲಿಸಿದ ತಡೆಗೋಡೆ ಒಡೆದರೆ ಜೂನ್‌ವರೆಗೆ ಕಾಯಲು ಆಗುವುದಿಲ್ಲ, ಮನೆಗೇ ಅಪಾಯ. ಫೋಟೊ, ಅಳತೆ, ಎಸ್ಟಿಮೇಟ್ ಆದ ಮೇಲೆ ಮಾಲಕರಿಗೂ ಇನ್ಶೂರೆನ್ಸ್ ಕಂಪನಿಗೂ "ಇಂಥ ದಿನದಿಂದ ಕೆಲಸ ಶುರು ಮಾಡುತ್ತೇವೆ, ನೋಡುವುದಿದ್ದರೆ ಬನ್ನಿ" ಅಂತ ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ, ಕೆಲಸ ಶುರು ಮಾಡಿ.

ಮನೆ ಸಾಲ ಇರುವವರು ಒಮ್ಮೆ ಬ್ಯಾಂಕಿನ ಕಾಗದ ನೋಡಿ. ಸಾಲದ ಜೊತೆ ಮನೆಗೆ ಇನ್ಶೂರೆನ್ಸ್ ಮಾಡಿಸಿರುವುದು ಉಂಟು. 2021ರ ಏಪ್ರಿಲ್ 1ರಿಂದ ಎಲ್ಲಾ ಕಂಪನಿಗಳಲ್ಲೂ ಸಿಗುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ವಾಹನ ಬಡಿದು ಆಗುವ ಹಾನಿಯೂ ಸೇರಿದೆ, ಕಾಂಪೌಂಡು, ಗೇಟು, ತಡೆಗೋಡೆಗೂ ಅದು ಅನ್ವಯ. ಹಾಗಿದ್ದರೆ ನಿಮ್ಮ ಕಂಪನಿ ನಿಮಗೆ ಹಣ ಕೊಟ್ಟು, ಲಾರಿಯವರಿಂದ ಅದನ್ನು ತಾನೇ ವಸೂಲಿ ಮಾಡಿಕೊಳ್ಳುತ್ತದೆ. ಪಾಲಿಸಿ ಇದೆ ಅಂತ ಗೊತ್ತಿಲ್ಲದೆ ಕೈಯಿಂದ ಹಣ ಹಾಕಿ ಗೋಡೆ ಕಟ್ಟಿಸುವ ಮೊದಲು ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ.