ಕಾಂಬಿನೇಷನ್ ಎಂಬ ಮೊದಲ ಕವಲು

ಪದವಿಗೆ ಮನಸ್ಸೊಪ್ಪಿದ ವಿಷಯ ಓದಬೇಕೋ, ಕೆಲಸ ಕೊಡಿಸುವುದನ್ನು ಓದಬೇಕೋ ಎಂಬ ಚರ್ಚೆ ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ದ್ವಿತೀಯ ಪಿಯುಸಿ ಫಲಿತಾಂಶದ ನಂತರ ಕಾವೇರುತ್ತದೆಯಾದರೂ, ಅದರ ಬಹುಪಾಲು ಎರಡು ವರ್ಷ ಮೊದಲೇ, ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ‘ಕಾಂಬಿನೇಷನ್’, ಅಂದರೆ ನಾಲ್ಕು ಐಚ್ಛಿಕ ವಿಷಯಗಳ ಗುಂಪು, ಆರಿಸಿದಾಗಲೇ ತೀರ್ಮಾನವಾಗಿರುತ್ತದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರಗಳ ಪಿಸಿಎಂಬಿ ಓದಿದವರು ಮುಂದೆ ಕಾನೂನಿಗೋ ಇತಿಹಾಸಕ್ಕೋ ಹೊರಳಬಹುದು. ಆದರೆ ಪಿಯುಸಿಯಲ್ಲಿ ಇತಿಹಾಸ ಓದಿದವರಿಗೆ ಎಂಜಿನಿಯರಿಂಗ್ ಬಾಗಿಲು ಮುಚ್ಚಿರುತ್ತದೆ. ‘ಎಲ್ಲದಕ್ಕೂ ಇರಲಿ’ ಎಂದು ವಿಜ್ಞಾನ ಕೊಡಿಸುವ ಪೋಷಕರ ಲೆಕ್ಕ ಹುಟ್ಟುವುದು ಇಲ್ಲಿಯೇ, ಮತ್ತು ಅದನ್ನು ಬರೀ ಹಟವೆಂದು ತಳ್ಳಿಹಾಕುವಂತಿಲ್ಲ.

ಮುಂದಿನ ಕವಲು ಸೀಟು ಹಂಚಿಕೆಯದು. ಪಿಯುಸಿ ಹಾಗೂ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅಂಕಗಳನ್ನು ಸಮಪಾಲಾಗಿ ಪರಿಗಣಿಸಿ ಎಂಜಿನಿಯರಿಂಗ್ ರ್‍ಯಾಂಕ್ ನೀಡುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಂತರ ‘ಆಪ್ಷನ್ ಎಂಟ್ರಿ’ಗೆ, ಎಂದರೆ ಬೇಕಾದ ಕಾಲೇಜು ಮತ್ತು ಬ್ರಾಂಚುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಲು, ಅವಕಾಶ ಕೊಡುತ್ತದೆ; ಆ ರ್‍ಯಾಂಕಿಗೆ ದಕ್ಕುವ ಸೀಟುಗಳಲ್ಲಿ ಪಟ್ಟಿಯ ಅತಿ ಮೇಲಿನದು ಹಂಚಿಕೆಯಾಗುತ್ತದೆ. 1946ರಲ್ಲಿ ಆರಂಭವಾದ ಬಸವನಗುಡಿಯ ಬಿಎಂಎಸ್ ಕಾಲೇಜಿನ ಮೆಕ್ಯಾನಿಕಲ್ ಮೇಲಿರಬೇಕೋ, ಹೆಸರು ಕೇಳಿರದ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಮೇಲಿರಬೇಕೋ ಎಂದು ಮನೆಮಂದಿಯೆಲ್ಲ ತಲೆ ಕೆಡಿಸಿಕೊಳ್ಳುವಾಗ, ಒಲವಿನ ಮಾತು ಹೊರಗೇ ಉಳಿದಿರುತ್ತದೆ. ಸಿಕ್ಕ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿಗೆ ಕಾಯುವ ಎರಡನೇ ‘ಚಾಯ್ಸ್’ ಆರಿಸಿದವರಿಗೂ ಪಟ್ಟಿಯಲ್ಲಿ ಅದಕ್ಕಿಂತ ಮೇಲಿರುವುದು ಮಾತ್ರ ಸಿಗಬಲ್ಲುದರಿಂದ, ನೆರೆಮನೆಯವರ ಮಾತು ಕೇಳಿ ಬರೆದ ಕ್ರಮ ವಿದ್ಯಾರ್ಥಿಯನ್ನೇ ಕಟ್ಟಿಹಾಕುತ್ತದೆ.

ಹಾಗೆಂದು ಎಲ್ಲ ಒಲವೂ ಪದವಿಯಲ್ಲೇ ಈಡೇರಬೇಕೆಂದಿಲ್ಲ. ಜೆ.ಪಿ. ನಗರದಲ್ಲಿ ನೆಲೆಸಿದ್ದ ನಾಟಕಕಾರ ಗಿರೀಶ ಕಾರ್ನಾಡರು ಧಾರವಾಡದಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ; 1961ರಲ್ಲಿ ‘ಯಯಾತಿ’ ನಾಟಕ ಪ್ರಕಟವಾದ ಮೇಲೂ ಅವರು 1963ರಿಂದ 1970ರವರೆಗೆ ಮದ್ರಾಸಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿದ್ದರು. ಅವರ ಪ್ರತಿಭೆ ಎಲ್ಲರಿಗೂ ಅಳತೆಗೋಲಾಗದು, ನಿಜ. ಆದರೂ ಒಲವುಗಳಲ್ಲಿ ಎರಡು ಬಗೆಯುಂಟೆಂಬುದನ್ನು ಈ ಉದಾಹರಣೆ ಕಾಣಿಸುತ್ತದೆ: ನಾಟಕ, ಬರವಣಿಗೆಗಳಿಗೆ ಪದವಿಯ ಹಂಗಿಲ್ಲ, ರಂಗಶಂಕರ ರಂಗಮಂದಿರದ ಬಾಗಿಲು ಯಾವ ಅಂಕಪಟ್ಟಿಯನ್ನೂ ಕೇಳುವುದಿಲ್ಲ; ಆದರೆ ಭೌತಶಾಸ್ತ್ರವನ್ನೋ ವಾಸ್ತುಶಿಲ್ಪವನ್ನೋ ಕಚೇರಿ ಮುಗಿಸಿ ಬಂದ ಮೇಲೆ ಸಂಜೆಯ ಹವ್ಯಾಸವಾಗಿ ಸಾಧಿಸಲಾಗದು.

ಹಾಗಾಗಿ ಹೆಚ್ಚು ಚರ್ಚೆಯಾಗಬೇಕಾದದ್ದು ಎರಡನೆಯ ಬಗೆಯ ಒಲವು. ಜಯನಗರದ ನ್ಯಾಷನಲ್ ಕಾಲೇಜಿನಂಥ ಕಡೆ ಬಿಎಸ್ಸಿ ಸೇರಿ, ಐಐಟಿಗಳ ಸ್ನಾತಕೋತ್ತರ ಪ್ರವೇಶಕ್ಕಾಗಿ ನಡೆಯುವ ‘ಜಾಮ್’ ಪರೀಕ್ಷೆ ಬರೆದು, ಎಂಎಸ್ಸಿ ಮುಗಿಸಿ ಸಂಶೋಧನೆಗೆ ಇಳಿಯುವ ವಿದ್ಯಾರ್ಥಿಗೆ ಭದ್ರ ಸಂಬಳ ಬರುವ ಹೊತ್ತಿಗೆ ಎಂಜಿನಿಯರಿಂಗ್ ಓದಿದ ಓರಗೆಯವರು ಹಲವು ವರ್ಷ ದುಡಿದಿರುತ್ತಾರೆ. ಅಷ್ಟು ಕಾಲ ಮನೆಯ ಬಾಡಿಗೆಯೂ ತಂಗಿಯ ಶುಲ್ಕವೂ ಯಾರ ಸಂಪಾದನೆಯಿಂದ ನಡೆಯಬೇಕೆಂಬ ಲೆಕ್ಕವನ್ನು ಮಕ್ಕಳ ಮುಂದಿಟ್ಟು ಮಾತಾಡುವ ಪೋಷಕರು ವಿರಳ. ಆಪ್ಷನ್ ಎಂಟ್ರಿಯ ಕಡೆಯ ದಿನಕ್ಕೆ ಮುಂಚೆ ಆಗಬೇಕಾದ ಮಾತು ಅದು.