ಅಲ್ಪಾವಧಿಯ ಟೋಕನ್ ಮತ್ತು ಡೇಟಾಬೇಸ್ ಸಂಪರ್ಕ

ಹೈದರಾಬಾದಿನ ಕೋಠಿಗೆ ಹೊಂದಿಕೊಂಡಿರುವ ಸುಲ್ತಾನ್ ಬಜಾರ್, ಬಟ್ಟೆ ವ್ಯಾಪಾರಕ್ಕೆ ಹೆಸರಾದ ಹಳೆಯ ಪೇಟೆ. 2020ರ ಫೆಬ್ರವರಿಯಿಂದ ಇಲ್ಲಿಗೆ ಮೆಟ್ರೊ ರೈಲಿನ ಸೌಕರ್ಯವೂ ಇದೆ. ಇಂಥ ಪೇಟೆಯ ಅಂಗಡಿಯೊಂದರ ಬಿಲ್ಲು ಮತ್ತು ದಾಸ್ತಾನಿನ ಲೆಕ್ಕವು ಅಂಗಡಿಯಲ್ಲಿಯೇ ಇರದೆ, ದೂರದ ಡೇಟಾಬೇಸ್‌ನಲ್ಲಿ ಇದೆಯೆಂದು ಭಾವಿಸೋಣ. ಹಬ್ಬದ ಸಂಜೆ ಗಿರಾಕಿಗಳು ತುಂಬಿರುವಾಗ ಬಿಲ್ಲು ಬರುವುದು ನಿಂತುಹೋದರೆ ಆಗುವ ನಷ್ಟ ಅಲ್ಪವಲ್ಲ. ಯಂತ್ರವು ಕೆಡದಿದ್ದರೂ ಹೀಗಾಗಲು ಸಾಧ್ಯ. ಅಂಥ ಒಂದು ಕಾರಣವನ್ನು ಇಲ್ಲಿ ವಿವರಿಸಲಾಗಿದೆ.

ಸಂಪರ್ಕಗಳ ಸಂಚಯ

ಡೇಟಾಬೇಸ್‌ನೊಡನೆ ಹೊಸ ಸಂಪರ್ಕವನ್ನು ತೆರೆಯುವಾಗ ಪ್ರತಿಸಲವೂ ಗುರುತಿನ ಪರಿಶೀಲನೆ ನಡೆಯಬೇಕಾಗುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ. ಆದುದರಿಂದ ಕೆಲವು ಸಂಪರ್ಕಗಳನ್ನು ತೆರೆದಿಟ್ಟು, ಬೇಕಾದಾಗ ಬಳಸಿ, ಮರಳಿ ಇಡಲಾಗುತ್ತದೆ. ಇದನ್ನೇ ಕನೆಕ್ಷನ್ ಪೂಲ್, ಅಂದರೆ ಸಂಪರ್ಕಗಳ ಸಂಚಯ ಎನ್ನುತ್ತಾರೆ.

ಟೋಕನ್ ಏಕೆ?

ವರ್ಷಗಟ್ಟಲೆ ಬದಲಾಗದ ಪಾಸ್‌ವರ್ಡ್ ಒಮ್ಮೆ ಬಯಲಾದರೆ, ಅದನ್ನು ಬದಲಾಯಿಸುವವರೆಗೂ ಅಪಾಯ ತಪ್ಪಿದ್ದಲ್ಲ. ಅಲ್ಪಾವಧಿಯ ಟೋಕನ್ ಕಳುವಾದರೂ ಬೇಗನೆ ನಿರುಪಯುಕ್ತವಾಗುತ್ತದೆ. ಅಮೆಜಾನ್ ಸಂಸ್ಥೆಯ ಆರ್‌ಡಿಎಸ್ ಡೇಟಾಬೇಸ್ ಸೇವೆಯಲ್ಲಿ ಇಂಥ ಟೋಕನ್ನಿನ ಅವಧಿ 15 ನಿಮಿಷ.

ತೊಡಕು ಎಲ್ಲಿದೆ?

ಈ ಸೇವೆಯಲ್ಲಿ ಟೋಕನ್ನನ್ನು ಪರಿಶೀಲಿಸುವುದು ಸಂಪರ್ಕವನ್ನು ತೆರೆಯುವಾಗ ಮಾತ್ರ. ಅವಧಿ ಮುಗಿದರೂ ಆಗಲೇ ತೆರೆದಿರುವ ಸಂಪರ್ಕವು ಮುಂದುವರಿಯುತ್ತದೆ. ಬೆಳಿಗ್ಗೆ 10 ಗಂಟೆಗೆ ಒಂದು ಟೋಕನ್ನಿನಿಂದ ಐದು ಸಂಪರ್ಕಗಳು ತೆರೆದವೆನ್ನೋಣ. ಅವುಗಳಿಂದಲೇ ದಿನವಿಡೀ ಕೆಲಸ ಸಾಗಿರುತ್ತದೆ. ಸಂಜೆ ವ್ಯಾಪಾರ ಹೆಚ್ಚಿ ಆರನೆಯ ಸಂಪರ್ಕ ಬೇಕಾದಾಗ, ಸಂಚಯವು ಬೆಳಗಿನ ಟೋಕನ್ನನ್ನೇ ತೋರಿಸಿದರೆ ಡೇಟಾಬೇಸ್ ಅದನ್ನು ನಿರಾಕರಿಸುತ್ತದೆ. ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಆರಂಭಿಸಿದರೆ ಹೊಸ ಟೋಕನ್ ದೊರೆತು ಕೆಲಸ ಸರಿಹೋಗುತ್ತದೆ. ಆದರೆ ದೋಷವು ಹಾಗೆಯೇ ಉಳಿದಿರುತ್ತದೆ.

ಪರಿಹಾರ ಕ್ರಮಗಳು

1. ಟೋಕನ್ನನ್ನು ಪಾಸ್‌ವರ್ಡ್‌ನಂತೆ ಶಾಶ್ವತವಾಗಿ ಬರೆದಿಡಬಾರದು. ಹೊಸ ಸಂಪರ್ಕವನ್ನು ತೆರೆಯುವ ಪ್ರತಿ ಸಂದರ್ಭದಲ್ಲಿಯೂ ಚಾಲ್ತಿಯಲ್ಲಿರುವ ಟೋಕನ್ನನ್ನೇ ಪಡೆಯುವಂತೆ ವ್ಯವಸ್ಥೆ ಮಾಡಬೇಕು.

2. ಟೋಕನ್ನನ್ನು ಸ್ವಲ್ಪ ಕಾಲ ಇರಿಸಿಕೊಳ್ಳುವುದಾದರೆ, ಅವಧಿ ಮುಗಿಯುವುದಕ್ಕೆ ಕೆಲವು ನಿಮಿಷ ಮೊದಲೇ ನವೀಕರಿಸಬೇಕು.

3. ಸಂಪರ್ಕಗಳಿಗೂ ಆಯುರ್ಮಿತಿ ಇರಬೇಕು. ಒಬ್ಬರ ಅಧಿಕಾರವನ್ನು ಹಿಂದಕ್ಕೆ ಪಡೆದ ಮೇಲೂ ಅವರು ತೆರೆದಿದ್ದ ಸಂಪರ್ಕವು ಉಳಿಯಬಹುದಾದ್ದರಿಂದ ಇದು ಅಗತ್ಯ. ಜಾವಾ ಭಾಷೆಯ ಪ್ರೋಗ್ರಾಮುಗಳಲ್ಲಿ ಬಳಸುವ ಹಿಕಾರಿಸಿಪಿ ಎಂಬ ಸಂಚಯದಲ್ಲಿ, ಬೇರೆ ಸೂಚನೆ ನೀಡದಿದ್ದರೆ ಈ ಮಿತಿ 30 ನಿಮಿಷ.

4. ಕಂಪ್ಯೂಟರಿನ ಗಡಿಯಾರವು ಸರಿಯಾಗಿರಬೇಕು. ಸಮಯ ತಪ್ಪಿದ್ದರೆ ಹೊಸ ಟೋಕನ್ ಸಹ ತಿರಸ್ಕೃತವಾಗಬಹುದು.

5. ಐದು ನಿಮಿಷಗಳ ಪರೀಕ್ಷೆಯಲ್ಲಿ ಈ ದೋಷ ಕಾಣದು. ಟೋಕನ್ನಿನ ಅವಧಿ ಮುಗಿದ ಮೇಲೆ ಹೊಸ ಸಂಪರ್ಕವನ್ನು ತೆರೆಯಿಸಿ ನೋಡಬೇಕು.

ಇಂಥ ವ್ಯವಸ್ಥೆಯನ್ನು ಕೊಳ್ಳುವ ವ್ಯಾಪಾರಿಯು ತಂತ್ರಜ್ಞನಾಗಬೇಕಿಲ್ಲ. "ಟೋಕನ್ನಿನ ಅವಧಿ ಮುಗಿದ ಮೇಲೆ ಹೊಸ ಸಂಪರ್ಕ ತೆರೆಯುವುದೇ?" ಎಂಬ ಒಂದು ಪ್ರಶ್ನೆಯನ್ನು ಮೊದಲೇ ಕೇಳಿ, ಪರೀಕ್ಷಿಸಿ ತೋರಿಸುವಂತೆ ಹೇಳಿದರೆ ಹಬ್ಬದ ಸಂಜೆಯ ತೊಂದರೆಯನ್ನು ತಪ್ಪಿಸಬಹುದು.