ಪಾರ್ಟ್ ಟೂನಲ್ಲಿ ಕರ್ಣ ಬದುಕಿ ಬರಬಹುದಾ?

ಈ ಸಂಚಿಕೆ ಹುಟ್ಟಿದ್ದು ಒಂದು ಫೋನ್ ಕಾಲ್‌ನಿಂದ.

ನಮ್ಮೂರು ಮದ್ದೂರು ತಾಲೂಕಿನ ಆತಗೂರು. ಅಲ್ಲಿಂದ ಮಾವ ಫೋನ್ ಮಾಡಿದ್ರು. ಊರಲ್ಲಿ ‘ಕುರುಕ್ಷೇತ್ರ’ ನಾಟಕ ಆಡಿದಾಗ ಕರ್ಣ ಅವರೇ. ಮಂಡ್ಯ ಕಡೆಯವರಿಗೆ ವಿವರಿಸೋದು ಬೇಡ, ಉಳಿದವರಿಗೆ ಹೇಳ್ತೀನಿ: ನಮ್ಮ ಪೌರಾಣಿಕ ನಾಟಕದಲ್ಲಿ ಮಾತಿನಷ್ಟೇ ಹಾಡು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸ್ತಾರೆ, ಆಟ ರಾತ್ರಿಯಿಡೀ ನಡೆಯುತ್ತೆ. ಪಾತ್ರ ಮಾಡೋರು ಸಂಬಳ ತಗೊಳ್ಳಲ್ಲ, ತಾವೇ ದುಡ್ಡು ಕೊಡ್ತಾರೆ. ಹೋದ ಸಲ ಕರ್ಣನಿಗೋಸ್ಕರ ಒಂದು ಹಸು ಮಾರಿದ್ದನ್ನ ಅತ್ತೆ ಇನ್ನೂ ಮರೆತಿಲ್ಲ.

“ಮಗ, ಕರ್ಣ ಸತ್ತಾಗ ಜನ ಅತ್ತುಬುಟ್ರು ಕಣ್ಲಾ. ಮುಂದಿನ್ ವರ್ಸ ಪಾರ್ಟ್ ಟೂ ಮಾಡಾನ ಅಂದ್ಕಂಡಿವ್ನಿ. ಕರ್ಣ ಸತ್ತೇ ಇಲ್ಲ, ಬದ್ಕವ್ನೆ ಅಂತ ಕತೆ ಕಟ್ಟುದ್ರೆ ಹೆಂಗೆ?”

ನಾನು ನಗಲಿಲ್ಲ. ಯಾಕಂದ್ರೆ ಇದೇ ಐಡಿಯಾ ಲಂಡನ್‌ನಲ್ಲಿ ಒಬ್ಬರಿಗೆ ಬಂದಿತ್ತು. ಅವರು ಸಾಮಾನ್ಯರಲ್ಲ, ಆಂಡ್ರ್ಯೂ ಲಾಯ್ಡ್ ವೆಬ್ಬರ್.

1986ರ ಅಕ್ಟೋಬರ್‌ನಲ್ಲಿ ಅವರ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಲಂಡನ್‌ನಲ್ಲಿ ಶುರುವಾಯ್ತು. ನ್ಯೂಯಾರ್ಕ್‌ನ ಬ್ರಾಡ್‌ವೇಯಲ್ಲಿ 1988ರಿಂದ 2023ರ ಏಪ್ರಿಲ್‌ವರೆಗೆ 13,981 ಪ್ರದರ್ಶನ ಕಂಡಿತು. ಕತೆ ಇಷ್ಟೇ. ಪ್ಯಾರಿಸ್‌ನ ಒಪೆರಾ ಥಿಯೇಟರ್‌ನ ನೆಲಮಾಳಿಗೆಯಲ್ಲಿ ಮುಖವಾಡ ಹಾಕಿಕೊಂಡ ಒಬ್ಬ ವಿಕಾರ ಮುಖದ ಸಂಗೀತಗಾರ ಅಡಗಿದ್ದಾನೆ. ಅವನೇ ಫ್ಯಾಂಟಮ್. ಕ್ರಿಸ್ಟೀನ್ ಅನ್ನೋ ಹುಡುಗಿಗೆ ಹಾಡು ಕಲಿಸ್ತಾನೆ, ಅವಳಿಗಾಗಿ ಕೊಲೆಗೂ ಇಳೀತಾನೆ. ಅವಳ ಮನಸ್ಸಿರೋದು ರಾವುಲ್ ಮೇಲೆ. ಕೊನೆಗೆ ರಾವುಲ್‌ನ ಕುತ್ತಿಗೆಗೆ ಕುಣಿಕೆ ಹಾಕಿದ ಫ್ಯಾಂಟಮ್‌ನ ಹತ್ತಿರ ಹೋಗಿ ಕ್ರಿಸ್ಟೀನ್ ಮುತ್ತು ಕೊಡ್ತಾಳೆ. ಜೀವನದಲ್ಲಿ ಮೊದಲ ಸಲ ಕರುಣೆ ಕಂಡವನು ಇಬ್ಬರನ್ನೂ ಬಿಟ್ಟು ಕಳಿಸ್ತಾನೆ. ಇಡೀ ನಾಟಕ ನಿಂತಿರೋದು ಆ ಬಿಟ್ಟುಕೊಡೋದರ ಮೇಲೆ.

ಜನ ಅಳೋದು ಅವನಿಗೋಸ್ಕರ. ಹಾಗಾದ್ರೆ ಅವನನ್ನ ವಾಪಸ್ ಕರೆತಂದ್ರೆ? 2010ರ ಮಾರ್ಚ್ 9ಕ್ಕೆ ಲಂಡನ್‌ನ ಅಡೆಲ್ಫಿ ಥಿಯೇಟರ್‌ನಲ್ಲಿ ‘ಲವ್ ನೆವರ್ ಡೈಸ್’ ಬಂತು. (ಇದಕ್ಕೂ ಮೊದಲು, 2007ರಲ್ಲಿ, ಲಾಯ್ಡ್ ವೆಬ್ಬರ್ ಅವರ ಓಟೋ ಅನ್ನೋ ಬೆಕ್ಕಿನ ಮರಿ ಡಿಜಿಟಲ್ ಪಿಯಾನೋ ಹತ್ತಿ, ಬರೆದಿಟ್ಟಿದ್ದ ಸಂಗೀತ ಅಳಿಸಿಹಾಕಿತ್ತು. ಬೆಕ್ಕಿಗೆ ಏನು ಗೊತ್ತಾಗಿತ್ತೋ!)

ಈಗ ಕತೆ ನಡೆಯೋದು 1907ರಲ್ಲಿ, ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ. ಫ್ಯಾಂಟಮ್ ಅಲ್ಲಿ ಮನರಂಜನಾ ಪಾರ್ಕಿನ ಯಜಮಾನ. ಮೊದಲ ನಾಟಕದಲ್ಲಿ ಪ್ರೀತಿಗೆ ಪ್ರಾಣ ಕೊಡೋಕೆ ನಿಂತಿದ್ದ ರಾವುಲ್ ಇಲ್ಲಿ ಕುಡುಕ, ಜೂಜುಕೋರ. ಕ್ರಿಸ್ಟೀನ್‌ಗೆ ಒಬ್ಬ ಮಗ, ಆದರೆ ಅವನ ಅಪ್ಪ ರಾವುಲ್ ಅಲ್ಲ, ಫ್ಯಾಂಟಮ್! ಮದುವೆಯ ಹಿಂದಿನ ರಾತ್ರಿ ಅವಳು ಫ್ಯಾಂಟಮ್‌ನನ್ನು ಹುಡುಕಿಕೊಂಡು ಹೋಗಿದ್ದಳಂತೆ. ಕೊನೆಯಲ್ಲಿ ಗುಂಡು ತಗುಲಿ ಅವಳೂ ಸಾಯ್ತಾಳೆ.

ಹಾಡುಗಳು ಚೆನ್ನಾಗಿವೆ, ಅದನ್ನ ಒಪ್ಪಲೇಬೇಕು. ಆದರೆ ಹೆಸರನ್ನೇ ತಿರುಚಿ ‘ಪೇಂಟ್ ಒಣಗೋದೇ ಇಲ್ಲ’ ಅಂತ ಆಡಿಕೊಂಡರು. ಅದೇ ವರ್ಷದ ಕೊನೆಗೆ ರಿಪೇರಿ ಮಾಡಿದರು, ಆದರೂ 2011ರ ಆಗಸ್ಟ್ 27ಕ್ಕೆ ಪರದೆ ಬಿತ್ತು. ಘೋಷಣೆಯಾಗಿದ್ದ ಬ್ರಾಡ್‌ವೇ ಪ್ರದರ್ಶನ ನಡೆಯಲೇ ಇಲ್ಲ. ಮೆಲ್ಬರ್ನ್‌ನಲ್ಲಿ 2011ರಲ್ಲಿ ಹೊಸದಾಗಿ ಕಟ್ಟಿದ ರೂಪ ನೋಡೋಕೆ ಸೊಗಸಾಗಿತ್ತು, ಆದರೆ ಕತೆ ಅದೇ.

ಎಡವಟ್ಟು ಎಲ್ಲಾಯ್ತು? ಗುಟ್ಟಾಗಿ ಹುಟ್ಟಿದ ಮಗ ಬಂದಿದ್ದು ತಪ್ಪಾ? ಹಾಗನ್ನೋಕೆ ಆಗಲ್ಲ. ನಮ್ಮಲ್ಲೂ ಅಂಥದ್ದೇ ಮುಂದುವರಿಕೆ ಇದೆ: ಬಭ್ರುವಾಹನ. ಕುರುಕ್ಷೇತ್ರ ಮುಗಿದ ಮೇಲೆ ಅಶ್ವಮೇಧದ ಕುದುರೆ ಹಿಂದೆ ಅರ್ಜುನ ಮಣಿಪುರಕ್ಕೆ ಬರ್ತಾನೆ, ಸ್ವಂತ ಮಗನನ್ನೇ ಮಗ ಅಲ್ಲ ಅಂತ ಹೀಯಾಳಿಸ್ತಾನೆ, ಅವನ ಕೈಯಲ್ಲೇ ಸಾಯ್ತಾನೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿರೋ ಈ ಕತೆ ನಾಟಕವಾಯ್ತು, 1977ರಲ್ಲಿ ಡಾ. ರಾಜ್‌ಕುಮಾರ್ ತಂದೆ ಮಗ ಎರಡೂ ಪಾತ್ರ ಮಾಡಿದ ಸಿನಿಮಾನೂ ಆಯ್ತು. ಜನ ಮೆಚ್ಚಿದರು.

ವ್ಯತ್ಯಾಸ ಇಲ್ಲಿದೆ ನೋಡಿ. ಅರ್ಜುನ ಚಿತ್ರಾಂಗದೆಯನ್ನ ಮದುವೆಯಾಗಿದ್ದು ಮಹಾಭಾರತದ ಆದಿಪರ್ವದಲ್ಲೇ, ಯುದ್ಧಕ್ಕೆ ಎಷ್ಟೋ ವರ್ಷ ಮೊದಲು. ಬೀಜ ಅಲ್ಲೇ ಬಿದ್ದಿತ್ತು. ಫ್ಯಾಂಟಮ್ ಕತೆಯಲ್ಲಿ ಆ ರಾತ್ರಿಯ ಸುಳಿವೇ ಇರಲಿಲ್ಲ, ಆಮೇಲೆ ಹಿಂದಕ್ಕೆ ಹೋಗಿ ತುರುಕಿದ್ದು. ತುರುಕಿದ ಕೂಡಲೇ ಮೊದಲ ನಾಟಕದ ಕೊನೆಯ ದೃಶ್ಯ ಸುಳ್ಳಾಯ್ತು. ಅವನು ಬಿಟ್ಟುಕೊಟ್ಟ, ಅವಳು ಹೋದಳು ಅಂತ ಅತ್ತವರಿಗೆಲ್ಲ “ಇಲ್ಲ, ಅವಳು ವಾಪಸ್ ಬಂದಿದ್ದಳು” ಅಂದಂಗಾಯ್ತು. ಅಭಿಮಾನಿಗಳ ಸಿಟ್ಟು ನನಗೆ ಅರ್ಥವಾಗೋದು ಈ ಜಾಗದಲ್ಲೇ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಕರ್ಣ ಎದ್ದು ಬಂದರೆ ಹೋದ ವರ್ಷ ಅತ್ತವರ ಕಣ್ಣೀರು ದಂಡ ಮಾವ, ‘ಬಭ್ರುವಾಹನ’ ಆಡಿ, ಅದರಲ್ಲಿ ಕರ್ಣನ ಮಗ ವೃಷಕೇತು ಅರ್ಜುನನ ಜೊತೆಗೇ ಬರ್ತಾನೆ, ಅಂದೆ. ಅಪ್ಪನನ್ನ ಕೊಂದವನ ಪಕ್ಕದಲ್ಲಿ ನಿಂತು ಯುದ್ಧ ಮಾಡೋ ಹುಡುಗ. ಕರ್ಣ ಇಲ್ಲದೆಯೂ ಕರ್ಣ ಇದ್ದಂಗೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಕೇಳಿದ್ರು: “ವೃಷಕೇತು ಅಂದ್ರೆ... ಮೀಸೆ ತಗೀಬೇಕಾಯ್ತದಾ ಮಗ?”